ನಮ್ಮ ಮೇಲೆ ನಾವೇ ಪರೀಕ್ಷೆ ಮಾಡಿಕೊಳ್ಳಬಹುದಾದ ದೇಹದ ಅಚ್ಚರಿಗಳು, ಗೊತ್ತಿದ್ದವರು ಹೇಳಿ

ಬೆರಳತುದಿ

ನೀರಲ್ಲಿ ಜಾಸ್ತಿ ಹೊತ್ತು ಕೈ ಇಟ್ಟರೆ ಬೆರಳ ತುದಿ ಸುಕ್ಕುಗಟ್ಟುತ್ತದಲ್ಲ, ಚರ್ಮ ನೀರು ಹೀರಿ ಉಬ್ಬುವುದೇ ಅದಕ್ಕೆ ಕಾರಣ ಅಂತ ಎಲ್ಲ ಕಡೆ ಹೇಳುತ್ತಾರೆ. ಆದರೆ ಕೈಯ ನರ ತುಂಡಾದವರಿಗೆ ಆ ನರದ ಪಾಲಿನ ಬೆರಳುಗಳು ಎಷ್ಟು ನೆನೆದರೂ ನುಣುಪಾಗಿಯೇ ಇರುತ್ತವೆ. 1930ರ ದಶಕದಲ್ಲೇ ವೈದ್ಯರು ಇದನ್ನು ಗಮನಿಸಿದ್ದರು. ಚರ್ಮ ಅದೇ, ನೀರೂ ಅದೇ, ನರ ಕೆಲಸ ಮಾಡುತ್ತಿಲ್ಲ ಅಷ್ಟೇ. ನರದಿಂದ ಆಜ್ಞೆ ಬಂದಾಗ ಬೆರಳೊಳಗಿನ ಸಣ್ಣ ರಕ್ತನಾಳಗಳು ಬಿಗಿಯುತ್ತವೆ, ಒಳಗಿನ ಮೆತ್ತನೆ ಭಾಗ ಕುಗ್ಗುತ್ತದೆ, ಮೇಲಿನ ಚರ್ಮಕ್ಕೆ ಮಡಿಕೆ ಬೀಳುತ್ತದೆ. ಇಷ್ಟು ವರ್ಷ ಕಣ್ಣ ಮುಂದೆಯೇ ಇದ್ದದ್ದು, ನಾವು ಯಾರೂ ಕೇಳಲೇ ಇಲ್ಲ ಅಲ್ವಾ?

ಇಂಥವು ಇನ್ನೂ ಬೇಕು. ಒಂದು ಶರತ್ತು. ಸುಮ್ನೆ "ಇಷ್ಟು ಲಕ್ಷ ಕಿಲೋಮೀಟರ್, ಅಷ್ಟು ಕೋಟಿ ಕೋಶ" ಅಂತ ಸಂಖ್ಯೆ ಎಸೆಯಬೇಡಿ. ಓದಿದವರು ತಮ್ಮ ದೇಹದಲ್ಲೋ, ಯಾವುದಾದರೂ ಪ್ರಾಣಿಯಲ್ಲೋ ಕಣ್ಣಾರೆ ನೋಡಿ ಖಚಿತ ಮಾಡಿಕೊಳ್ಳುವಂತಿರಬೇಕು. ಅಷ್ಟು ಆಗದಿದ್ದರೆ, ಅದು ಹೇಗೆ ಗೊತ್ತಾಯಿತು ಅನ್ನುವುದನ್ನಾದರೂ ಹೇಳಿ.

ಹಗಲುಗನಸು

ಮೂಗಿನಿಂದ ಶುರು ಮಾಡೋಣ. ಈಗ, ಓದುತ್ತಾ ಇರುವಾಗಲೇ, ಒಂದು ಹೊಳ್ಳೆ ಮುಚ್ಚಿ ಇನ್ನೊಂದರಲ್ಲಿ ಉಸಿರಾಡಿ. ಆಮೇಲೆ ಬದಲಿಸಿ. ಒಂದು ಕಡೆ ಸಲೀಸಾಗಿ ಹೋಗುತ್ತದೆ, ಇನ್ನೊಂದು ಕಡೆ ಸ್ವಲ್ಪ ಬಿಗಿ. ನೆಗಡಿ ಇಲ್ಲದಿದ್ದರೂ ಹೀಗೇ. ಕನ್ನಡಿ ಹತ್ತಿರ ಹಿಡಿದು ಮೂಗಿನಿಂದ ಉಸಿರು ಬಿಟ್ಟರೆ ಎರಡು ಮಬ್ಬು ಕಲೆ ಬೀಳುತ್ತವೆ, ಒಂದು ದೊಡ್ಡದು, ಒಂದು ಚಿಕ್ಕದು.

ಕೆಲವು ಗಂಟೆ ಬಿಟ್ಟು ಮತ್ತೆ ನೋಡಿ. ತುಂಬಾ ಜನರಲ್ಲಿ ಅಷ್ಟು ಹೊತ್ತಿಗೆ ಅದಲುಬದಲಾಗಿರುತ್ತದೆ. ಮೂಗಿನೊಳಗೆ ರಕ್ತ ತುಂಬಿ ಉಬ್ಬುವ ಅಂಗಾಂಶ ಇದೆ. ಒಂದು ಕಡೆಯದು ಉಬ್ಬಿದಾಗ ಇನ್ನೊಂದು ಕಡೆಯದು ಇಳಿಯುತ್ತದೆ. ರಿಚರ್ಡ್ ಕೈಸರ್ ಎಂಬ ಜರ್ಮನ್ ವೈದ್ಯರು 1895ರಲ್ಲೇ ಇದನ್ನು ಬರೆದಿಟ್ಟಿದ್ದಾರೆ.

ಚುಕ್ಕಿ

ಎಡ ಜೋರು, ಬಲ ಬಿಗಿ. ಈಗಷ್ಟೇ ಕನ್ನಡಿ ಹಿಡಿದು ನೋಡಿದೆ. ಇದು ಯಾಕೆ ಹೀಗೆ?

ರಾತ್ರಿಪಾಳಿ

ಚುಕ್ಕಿ ಅವರೇ, ಒಂದು ಕಡೆಗೆ ವಿಶ್ರಾಂತಿ ಸಿಗಲಿ, ಒಳಪದರ ಒಣಗದಿರಲಿ ಅಂತ ಇರಬಹುದು ಎನ್ನುವುದು ಸಾಮಾನ್ಯವಾಗಿ ಕೊಡುವ ವಿವರಣೆ. ನಾನು ನರ್ಸ್. ರಾತ್ರಿ ಪಾಳಿಯಲ್ಲಿ ಎಷ್ಟೋ ಜನ "ಸಿಸ್ಟರ್, ಮಲಗಿದ ತಕ್ಷಣ ಒಂದು ಮೂಗು ಕಟ್ಟುತ್ತೆ" ಅನ್ನುತ್ತಾರೆ. ಮಗ್ಗುಲಾಗಿ ಮಲಗಿದರೆ ಕೆಳಗಾದ ಕಡೆಯ ಹೊಳ್ಳೆ ಬಿಗಿಯಾಗಿ ಮೇಲಿನದು ತೆರೆದುಕೊಳ್ಳುತ್ತದೆ. "ಮಗ್ಗುಲು ಬದಲಿಸಿ ನೋಡಿ" ಅಂತೀನಿ. ಸ್ವಲ್ಪ ಹೊತ್ತಿಗೆ ಕಟ್ಟಿದ ಕಡೆ ಬಿಡುತ್ತದೆ. ನೆಗಡಿ ಇದ್ದಾಗ ಇದು ಎದ್ದು ಕಾಣುತ್ತದೆ, ಬೇರೆ ದಿನ ಗಮನಕ್ಕೇ ಬರುವುದಿಲ್ಲ.

ಪಾಠದ ಮೇಷ್ಟ್ರು

ಮೂಗಿನ ಬಗ್ಗೆ ಇನ್ನೊಂದು. ಕೆಲವು ವಾಸನೆಯ ಕಣಗಳು ಒಳಪದರದಲ್ಲಿ ಬೇಗ ಕರಗುತ್ತವೆ, ಕೆಲವು ನಿಧಾನ. ಬೇಗ ಕರಗುವಂಥವಕ್ಕೆ ಜೋರಾದ ಗಾಳಿ ಬೇಕು, ನಿಧಾನ ಕರಗುವಂಥವಕ್ಕೆ ನಿಧಾನ ಗಾಳಿ. ಹೊಳ್ಳೆಗಳ ವೇಗ ಬೇರೆ ಇರುವುದರಿಂದ ಎರಡಕ್ಕೂ ಒಂದೇ ವಾಸನೆ ಸ್ವಲ್ಪ ಬೇರೆಯಾಗಿ ಸಿಗುತ್ತದೆ. 1999ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು.

ಅನುಮಾನಿ

ಮೊದಲ ಪೋಸ್ಟಿಗೆ ಬರುತ್ತೇನೆ. ನರದ ಕೆಲಸ ಅನ್ನುವುದು ಒಪ್ಪಿದೆ. ಆದರೆ "ಒದ್ದೆ ವಸ್ತು ಹಿಡಿಯಲು ಅನುಕೂಲ ಆಗಲಿ ಅಂತ ಬೆರಳು ಸುಕ್ಕಾಗುತ್ತದೆ" ಅಂತ ಕೆಲವರು ಮುಗಿದ ಮಾತಿನ ಹಾಗೆ ಹೇಳುತ್ತಾರೆ. ಅದು ಇನ್ನೂ ಮುಗಿದಿಲ್ಲ. 2013ರಲ್ಲಿ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು ಸುಕ್ಕಾದ ಬೆರಳಿನವರು ಒದ್ದೆ ಗೋಲಿಗಳನ್ನು ಬೇಗ ಸಾಗಿಸಿದರು ಅಂತ ಪ್ರಕಟಿಸಿದರು. ಮರುವರ್ಷವೇ ಇನ್ನೊಂದು ತಂಡ ಅಂಥದ್ದೇ ಪ್ರಯೋಗ ಮಾಡಿತು, ವ್ಯತ್ಯಾಸ ಕಾಣಲಿಲ್ಲ.

ಪಾಠದ ಮೇಷ್ಟ್ರು

2021ರ ಪ್ರಯೋಗವನ್ನು ನೀವು ಹೇಳದೆ ಬಿಟ್ಟಿರಿ. ಅದರಲ್ಲಿ ವೇಗ ಅಳೆಯಲಿಲ್ಲ, ಎಷ್ಟು ಬಲವಾಗಿ ಹಿಡಿಯಬೇಕಾಗುತ್ತದೆ ಅಂತ ಅಳೆದರು. ಒದ್ದೆ ವಸ್ತುವನ್ನು ಸುಕ್ಕಾದ ಬೆರಳು ಕಡಿಮೆ ಬಲದಲ್ಲಿ ಹಿಡಿದಿತ್ತು. ಗೋಲಿ ಎಷ್ಟು ಬೇಗ ಸಾಗಿಸಿದರು ಅನ್ನುವುದಕ್ಕಿಂತ ಇದು ನೇರವಾದ ಅಳತೆ ಅಂತ ನನ್ನ ಅಭಿಪ್ರಾಯ.

ಅನುಮಾನಿ

ಅನುಕೂಲ ಆಗುತ್ತದೆ ಅನ್ನುವುದು ಬೇರೆ, ಅದಕ್ಕಾಗಿಯೇ ಆ ಗುಣ ಬಂತು ಅನ್ನುವುದು ಬೇರೆ ಮೇಷ್ಟ್ರೇ. ಎರಡನೆಯದಕ್ಕೆ ಇನ್ನೂ ಪುರಾವೆ ಬೇಕು.

ಬೆರಳತುದಿ

ಇದು ಇಲ್ಲಿಗೆ ಇರಲಿ, ಬೇರೆಯವರೂ ಬರಲಿ.

ಮೂಳೆಮಾತು

ಕೈ ಚಾಚಿ, ಅಂಗೈ ಮೇಲೆ ಮಾಡಿ. ಹೆಬ್ಬೆರಳು ಮತ್ತು ಕಿರುಬೆರಳ ತುದಿ ಮುಟ್ಟಿಸಿ. ಹಾಗೇ ಹಿಡಿದುಕೊಂಡು ಮಣಿಕಟ್ಟನ್ನು ಸ್ವಲ್ಪ ನಿಮ್ಮ ಕಡೆ ಬಗ್ಗಿಸಿ. ಮಣಿಕಟ್ಟಿನ ನಡುವೆ ಒಂದು ಎಳೆ ಎದ್ದು ನಿಲ್ಲುತ್ತದಾ? ಅದು ಪಾಲ್ಮಾರಿಸ್ ಲಾಂಗಸ್ ಅನ್ನುವ ಸ್ನಾಯುವಿನದು. ಸುಮಾರು ಏಳು ಜನರಲ್ಲಿ ಒಬ್ಬರಿಗೆ ಒಂದು ಕೈಯಲ್ಲೋ ಎರಡರಲ್ಲೋ ಅದು ಇರುವುದೇ ಇಲ್ಲ. ಜನಾಂಗದಿಂದ ಜನಾಂಗಕ್ಕೆ ಈ ಪ್ರಮಾಣ ಬದಲಾಗುತ್ತದೆ. ಇಲ್ಲದವರಿಗೆ ಕೈಯ ಹಿಡಿತದಲ್ಲಿ ಹೇಳಿಕೊಳ್ಳುವಂಥ ಕೊರತೆ ಏನೂ ಇಲ್ಲ.

ಅದಕ್ಕೇ ಶಸ್ತ್ರಚಿಕಿತ್ಸಕರಿಗೆ ಇದು ಅಚ್ಚುಮೆಚ್ಚು. ಬೇರೆ ಕಡೆ ಸ್ನಾಯುವಿನ ಎಳೆ ಹರಿದುಹೋದರೆ ಇದನ್ನು ತೆಗೆದು ಅಲ್ಲಿ ಜೋಡಿಸುತ್ತಾರೆ.

ಚುಕ್ಕಿ

ನನಗೆ ಬಲಗೈಯಲ್ಲಿ ಇದೆ, ಎಡಗೈಯಲ್ಲಿ ಇಲ್ಲ!! ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಅಕ್ಕನಿಗೆ ಎರಡರಲ್ಲೂ ಇದೆ.

ಕಾಡುಹಾದಿ

ನನಗೆ ಎರಡೂ ಕಡೆ ಇದೆ. ಎಳೆ ಕಂಡಿತು, ಅದರ ಪಕ್ಕದಲ್ಲೇ ನೀಲಿ ರಕ್ತನಾಳಗಳೂ ಕಂಡವು. ಒಳಗೆ ಆಮ್ಲಜನಕ ಇಲ್ಲದ ರಕ್ತ ನೀಲಿ ಇರುತ್ತದೆ, ಗಾಳಿ ತಾಗಿದ ಕೂಡಲೇ ಕೆಂಪಾಗುತ್ತದೆ ಅಂತ ಕೇಳಿದ್ದೇನೆ. ಇದೂ ಸೇರಿಸಬಹುದಲ್ವಾ?

ರಾತ್ರಿಪಾಳಿ

ಸೇರಿಸಬೇಡಿ. ಮನುಷ್ಯರ ರಕ್ತ ಯಾವತ್ತೂ ನೀಲಿ ಇರುವುದಿಲ್ಲ. ರಕ್ತ ಪರೀಕ್ಷೆಗೆ ಸೂಜಿ ಚುಚ್ಚುವುದು ನೀವು ನೀಲಿ ಅನ್ನುವ ಅದೇ ನಾಳಕ್ಕೆ. ಟ್ಯೂಬಿನೊಳಗೆ ಗಾಳಿ ಇರುವುದಿಲ್ಲ, ನಿರ್ವಾತ ಇರುತ್ತದೆ. ಆದರೂ ರಕ್ತ ಬೀಳುವಾಗ ಕಡುಗೆಂಪಾಗಿಯೇ ಬೀಳುತ್ತದೆ. ಮುಂದಿನ ಸಲ ರಕ್ತ ಕೊಡುವಾಗ ಮುಖ ಆ ಕಡೆ ತಿರುಗಿಸದೆ ನೋಡಿ, ಕಾಣುತ್ತದೆ.

ಪಾಠದ ಮೇಷ್ಟ್ರು

ನೀಲಿ ಕಾಣುವುದು ಬೆಳಕಿನ ಆಟ. ಕೆಂಪು ಬೆಳಕು ಚರ್ಮದೊಳಗೆ ಜಾಸ್ತಿ ಆಳ ಹೋಗುತ್ತದೆ, ಅಲ್ಲಿ ರಕ್ತನಾಳ ಅದನ್ನು ನುಂಗಿಕೊಳ್ಳುತ್ತದೆ. ನೀಲಿ ಬೆಳಕು ಅಷ್ಟು ಆಳ ಹೋಗದೆ ಮೇಲಿಂದಲೇ ಚದುರಿ ವಾಪಸ್ ಬರುತ್ತದೆ. ನಾಳದ ಮೇಲಿನ ಜಾಗದಿಂದ ಕೆಂಪು ಕಡಿಮೆ ಬರುವುದರಿಂದ ಸುತ್ತಲಿನ ಚರ್ಮದ ಪಕ್ಕದಲ್ಲಿ ಅದು ನೀಲಿಯಾಗಿ ಕಾಣುತ್ತದೆ.

ನೀಲಿಮೀನು

ನಿಜವಾಗಿ ನೀಲಿ ರಕ್ತ ಬೇಕಿದ್ದರೆ ಆಕ್ಟೋಪಸ್ ನೋಡಿ. ನಮ್ಮಲ್ಲಿ ಆಮ್ಲಜನಕ ಹೊರುವುದು ಕಬ್ಬಿಣ ಇರುವ ಹಿಮೋಗ್ಲೋಬಿನ್, ಅದರಲ್ಲಿ ತಾಮ್ರ ಇರುವ ಹಿಮೋಸಯನಿನ್. ಮತ್ತೆ ಕಾಡುಹಾದಿ ಅವರು ಹೇಳಿದ್ದಕ್ಕೆ ಪೂರ್ತಿ ಉಲ್ಟಾ: ಆಮ್ಲಜನಕ ಸೇರಿದಾಗ ನೀಲಿ, ಇಲ್ಲದಾಗ ಬಣ್ಣವೇ ಇಲ್ಲ.

ಅದಕ್ಕೆ ಮೂರು ಹೃದಯ ಅಂತ ಎಲ್ಲರೂ ಹೇಳುತ್ತಾರೆ, ಅವು ಏನು ಮಾಡುತ್ತವೆ ಅಂತ ಯಾರೂ ಹೇಳುವುದಿಲ್ಲ. ಎರಡು ಹೃದಯ ಕಿವಿರುಗಳಿಗೆ ರಕ್ತ ತಳ್ಳುತ್ತವೆ, ಮೂರನೆಯದು ಮೈಗೆಲ್ಲ ಕಳಿಸುತ್ತದೆ. ಈಜುವಾಗ ಆ ಮೂರನೆಯದು ನಿಂತುಬಿಡುತ್ತದೆ! ಆದ್ದರಿಂದ ಈಜಿದರೆ ಬೇಗ ಸುಸ್ತು. ತೆವಳುವುದೇ ಅದಕ್ಕೆ ಸುಲಭ.

ಇನ್ನು ರಕ್ತದಲ್ಲಿ ಬಣ್ಣವೇ ಇಲ್ಲದ ಮೀನುಗಳೂ ಇವೆ. ಅಂಟಾರ್ಟಿಕಾದ ಐಸ್‌ಫಿಶ್. ಬೆನ್ನುಮೂಳೆ ಇರುವ ಪ್ರಾಣಿಗಳಲ್ಲಿ ಹಿಮೋಗ್ಲೋಬಿನ್ ಇಲ್ಲದೆ ದೊಡ್ಡದಾಗಿ ಬೆಳೆದು ಬದುಕುವುದು ಬಹಳ ಅಪರೂಪ. ಅಲ್ಲಿನ ನೀರು ಸೊನ್ನೆ ಡಿಗ್ರಿಯ ಆಸುಪಾಸು. ತಣ್ಣಗಿನ ನೀರಲ್ಲಿ ಆಮ್ಲಜನಕ ಜಾಸ್ತಿ ಕರಗುತ್ತದೆ, ರಕ್ತದ ದ್ರವದಲ್ಲೂ ಹಾಗೆಯೇ. ಸಾಲದ್ದಕ್ಕೆ ದೊಡ್ಡ ಹೃದಯ, ಅಗಲ ನಾಳಗಳು. ಯೋಹಾನ್ ರೂಡ್ ಎಂಬ ನಾರ್ವೆಯ ವಿಜ್ಞಾನಿ 1954ರಲ್ಲಿ ಈ ರಕ್ತವನ್ನು ಪರೀಕ್ಷೆ ಮಾಡಿ ವರದಿ ಮಾಡಿದರು. ತಿಮಿಂಗಿಲ ಬೇಟೆಗೆ ಹೋದವರು ಬಹಳ ಮೊದಲೇ ಈ ಮೀನಿನ ಬಗ್ಗೆ ಹೇಳುತ್ತಿದ್ದರು.

ಗೂಬೆಕಣ್ಣು

ತಿಮಿಂಗಿಲ ಅಂದ ಕೂಡಲೇ ನೆನಪಾಯಿತು. ನೀಲಿ ತಿಮಿಂಗಿಲದ ಹೃದಯ ಕಾರಿನಷ್ಟು ದೊಡ್ಡದು, ರಕ್ತನಾಳದೊಳಗೆ ಮನುಷ್ಯ ಈಜಬಹುದು.

ನೀಲಿಮೀನು

ಎರಡೂ ಇಲ್ಲ. ಕೆನಡಾದ ಕಡಲತೀರಕ್ಕೆ 2014ರಲ್ಲಿ ಸತ್ತ ನೀಲಿ ತಿಮಿಂಗಿಲಗಳು ಬಂದವು. ಟೊರಾಂಟೊದ ರಾಯಲ್ ಆಂಟಾರಿಯೊ ಮ್ಯೂಸಿಯಂನವರು ಅದರಲ್ಲಿ ಒಂದರ ಹೃದಯ ತೆಗೆದು ಕೆಡದಂತೆ ಕಾಪಾಡಿದರು. ತೂಕ 200 ಕಿಲೋ ಆಸುಪಾಸು. ಎಷ್ಟೋ ಕಾರುಗಳು ಸಾವಿರ ಕಿಲೋ ದಾಟುತ್ತವೆ. ನಾಳದೊಳಗೆ ಮನುಷ್ಯ ತಲೆ ತೂರಿಸಬಹುದೇನೋ, ಈಜುವುದಂತೂ ಆಗದ ಮಾತು.

ನಿಜವಾದ ಸಂಗತಿ ಇನ್ನೂ ಚೆನ್ನಾಗಿದೆ. ಅಮೆರಿಕದ ಮಾಂಟೆರಿ ಕೊಲ್ಲಿಯಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಹೀರುಬಟ್ಟಲಿನಿಂದ ಅಂಟಿಕೊಳ್ಳುವ ಉಪಕರಣವನ್ನು ತಿಮಿಂಗಿಲದ ಮೈಗೆ ಹಚ್ಚಿ ಎದೆಬಡಿತ ಅಳೆದರು. 2019ರಲ್ಲಿ ಅದು ಪ್ರಕಟವಾಯಿತು. ಆಳಕ್ಕೆ ಮುಳುಗಿದಾಗ ಒಂದು ನಿಮಿಷಕ್ಕೆ 2 ಬಡಿತದವರೆಗೂ ಇಳಿದಿತ್ತು. ಮೇಲೆ ಬಂದು ಉಸಿರಾಡುವಾಗ 25ರಿಂದ 37. ಕೈಗಡಿಯಾರ ನೋಡುತ್ತಾ ಒಂದು ಬಡಿತದಿಂದ ಇನ್ನೊಂದಕ್ಕೆ ಅರ್ಧ ನಿಮಿಷ ಕಾದು ನೋಡಿ, ಎಷ್ಟು ದೀರ್ಘ ಅಂತ ಗೊತ್ತಾಗುತ್ತದೆ.

ಬೆರಳತುದಿ

ಇದು, ಇದು ಬೇಕಾಗಿದ್ದು ನನಗೆ. ಹೇಗೆ ಅಳೆದರು ಅಂತ ಹೇಳಿದಾಗ ಸಂಖ್ಯೆಗೂ ಜೀವ ಬರುತ್ತದೆ.

ಹಗಲುಗನಸು

ಮತ್ತೆ ನಮ್ಮ ದೇಹಕ್ಕೆ. ಕಣ್ಣಿನ ಎರಡು ಪರೀಕ್ಷೆ ಹೇಳುತ್ತೇನೆ, ಎರಡನ್ನೂ ಮಾಡಿ.

ಮೊದಲನೆಯದು. ಎಡಗಣ್ಣು ಮುಚ್ಚಿ. ಎರಡೂ ಕೈ ಮುಂದೆ ಚಾಚಿ, ಹೆಬ್ಬೆರಳುಗಳನ್ನು ಪಕ್ಕಪಕ್ಕ ನಿಲ್ಲಿಸಿ. ಬಲಗಣ್ಣಿನಿಂದ ಎಡ ಹೆಬ್ಬೆರಳನ್ನೇ ನೋಡುತ್ತಾ ಇರಿ, ದೃಷ್ಟಿ ಕದಲಿಸಬೇಡಿ. ಬಲ ಹೆಬ್ಬೆರಳನ್ನು ನಿಧಾನವಾಗಿ ಬಲಕ್ಕೆ ಸರಿಸಿ. ಒಂದು ಗೇಣಿನಷ್ಟು ದೂರ ಹೋದಾಗ ಅದರ ತುದಿ ಮಾಯವಾಗುತ್ತದೆ. ಇನ್ನೂ ಸರಿಸಿದರೆ ಮತ್ತೆ ಬರುತ್ತದೆ. ನಮ್ಮ ಕಣ್ಣಿನೊಳಗೆ ನರದ ಎಳೆಗಳೆಲ್ಲ ರೆಟಿನಾದ (ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರ) ಮುಂದೆ ಹಾಯ್ದು, ಒಂದು ಕಡೆ ಗಂಟು ಸೇರಿ ಹೊರಗೆ ಹೋಗುತ್ತವೆ. ಆ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳಿಲ್ಲ. ಮಿದುಳು ಸುತ್ತಲಿನ ಬಣ್ಣವನ್ನೇ ಅಲ್ಲಿಗೂ ತುಂಬಿಬಿಡುತ್ತದೆ, ಹಾಗಾಗಿ ತೂತು ಕಾಣುವುದಿಲ್ಲ. ಎಡ್ಮೆ ಮರಿಯೋಟ್ ಎಂಬ ಫ್ರೆಂಚ್ ವಿಜ್ಞಾನಿ 1660ರ ದಶಕದಲ್ಲಿ ಇದನ್ನು ಕಂಡುಹಿಡಿಯುವವರೆಗೂ ತನ್ನ ನೋಟದಲ್ಲಿ ಇಂಥ ಒಂದು ಖಾಲಿ ಜಾಗ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಎರಡನೆಯದು. ಕನ್ನಡಿ ಮುಂದೆ ನಿಂತು ನಿಮ್ಮ ಎಡಗಣ್ಣು ನೋಡಿ, ಆಮೇಲೆ ಬಲಗಣ್ಣು, ಮತ್ತೆ ಎಡಗಣ್ಣು. ಕಣ್ಣು ಹೊರಳುವುದು ನಿಮಗೆ ಕಾಣುವುದೇ ಇಲ್ಲ. ಪಕ್ಕದಲ್ಲಿ ನಿಂತವರಿಗೆ ಚೆನ್ನಾಗಿ ಕಾಣುತ್ತದೆ. ಕಣ್ಣು ಸರ್ರನೆ ಹೊರಳುವ ಆ ಕ್ಷಣದ ನೋಟವನ್ನು ಮಿದುಳು ತಡೆದುಬಿಡುತ್ತದೆ.

ಚುಕ್ಕಿ

ಹೆಬ್ಬೆರಳು ನಿಜವಾಗಲೂ ಹೋಯಿತು. ಮೈ ಜುಂ ಅಂತು.

ಕಾಡುಹಾದಿ

ಕನ್ನಡಿ ಬದಲು ಮೊಬೈಲಿನ ಮುಂದಿನ ಕ್ಯಾಮೆರಾದಲ್ಲಿ ಮಾಡಿ ನೋಡಿದೆ. ಅದರಲ್ಲಿ ನನ್ನ ಕಣ್ಣು ಹೊರಳುವುದು ಕಾಣುತ್ತದೆ! ಇದು ಯಾಕೆ?

ಹಗಲುಗನಸು

ಕ್ಯಾಮೆರಾದ ಚಿತ್ರ ಪರದೆಗೆ ಬರುವುದು ಒಂಚೂರು ತಡ. ಅಷ್ಟರಲ್ಲಿ ನಿಮ್ಮ ಕಣ್ಣು ಹೊರಳಿ ನಿಂತಿರುತ್ತದೆ, ಮಿದುಳು ತಡೆ ತೆಗೆದಿರುತ್ತದೆ. ಚೆನ್ನಾಗಿ ಹಿಡಿದಿರಿ ನೀವು.

ನೀಲಿಮೀನು

ಆಕ್ಟೋಪಸ್ ಕಣ್ಣಿಗೆ ಆ ಕುರುಡು ಚುಕ್ಕೆ ಇಲ್ಲ. ಅದರಲ್ಲಿ ನರದ ಎಳೆಗಳು ರೆಟಿನಾದ ಹಿಂದಿನಿಂದಲೇ ಹೋಗುತ್ತವೆ.

ಸರಳರೇಖೆ

ಇದೆಲ್ಲ ಓದುತ್ತಾ ಇದ್ದರೆ ದೇಹ ಎಷ್ಟು ಅಚ್ಚುಕಟ್ಟಾಗಿ ಆಗಿದೆ ಅಂತ ಅನಿಸುತ್ತದೆ. ಒಂದು ಎಳೆಯೂ ಸುಮ್ನೆ ಇಲ್ಲ.

ಮೂಳೆಮಾತು

ಸರಳರೇಖೆ ಅವರೇ, ಒಪ್ಪುವುದು ಕಷ್ಟ. ಧ್ವನಿಪೆಟ್ಟಿಗೆಯ ನರ ನೋಡಿ. ಮಿದುಳಿನಿಂದ ಗಂಟಲಿಗೆ ದೂರ ಎಷ್ಟು? ಒಂದು ಗೇಣೂ ಇಲ್ಲ. ಎಡಗಡೆಯ ನರ ಗಂಟಲು ದಾಟಿ ಎದೆಗೆ ಇಳಿಯುತ್ತದೆ, ಹೃದಯದಿಂದ ಹೊರಡುವ ಮಹಾಧಮನಿಯ ಕೆಳಗೆ ಬಳಸಿ, ಮತ್ತೆ ಗಂಟಲಿಗೆ ಹತ್ತುತ್ತದೆ. ಜಿರಾಫೆಯಲ್ಲೂ ಇದೇ ದಾರಿ. ಆ ಕುತ್ತಿಗೆಯ ಪೂರ್ತಿ ಉದ್ದಕ್ಕೆ ಇಳಿದು, ಪೂರ್ತಿ ಉದ್ದಕ್ಕೆ ಹತ್ತುತ್ತದೆ, ನಾಲ್ಕು ಮೀಟರ್ ದಾಟುತ್ತದೆ.

ಕಾರಣ ಬಹಳ ಹಳೆಯದು. ಮೀನಿನಲ್ಲಿ ಈ ನರ ಕಿವಿರಿನ ಹತ್ತಿರ ಒಂದು ರಕ್ತನಾಳದ ಹಿಂದಿನಿಂದ ನೇರ ಹೋಗುತ್ತಿತ್ತು. ಅಲ್ಲಿ ಅದೇ ಹತ್ತಿರದ ದಾರಿ. ಮುಂದೆ ಪ್ರಾಣಿಗಳಿಗೆ ಕುತ್ತಿಗೆ ಬಂತು, ಹೃದಯ ಎದೆಗೆ ಇಳಿಯಿತು, ನಾಳವೂ ಜೊತೆಗೆ ಇಳಿಯಿತು, ಅದರ ಕೆಳಗೆ ಸಿಕ್ಕಿಕೊಂಡ ನರ ಉದ್ದವಾಗುತ್ತಾ ಹೋಯಿತು. ಬಿಡಿಸಿ ಮತ್ತೆ ಕಟ್ಟುವ ಅವಕಾಶ ದೇಹಕ್ಕೆ ಇಲ್ಲ, ಇದ್ದದ್ದನ್ನೇ ಎಳೆಯಬೇಕು.

ರಾತ್ರಿಪಾಳಿ

ಈ ಸುತ್ತು ದಾರಿ ರೋಗಿಗಳಲ್ಲಿ ಕಾಣುತ್ತದೆ. ಥೈರಾಯ್ಡ್ ಆಪರೇಷನ್‌ನಲ್ಲಿ ಶಸ್ತ್ರಚಿಕಿತ್ಸಕರು ತುಂಬಾ ಜಾಗ್ರತೆ ವಹಿಸುವುದು ಈ ನರದ ಬಗ್ಗೆಯೇ, ಅದು ಗ್ರಂಥಿಯ ಹಿಂದೆಯೇ ಹಾಯುತ್ತದೆ. ಪೆಟ್ಟಾದರೆ ದನಿ ಗೊಗ್ಗರಾಗುತ್ತದೆ. ಎದೆಯಲ್ಲಿ ಮಹಾಧಮನಿ ಊದಿಕೊಂಡರೆ, ಅಥವಾ ಅಲ್ಲಿ ಗಡ್ಡೆ ಬೆಳೆದರೆ, ಕೆಲವರಲ್ಲಿ ಮೊದಲು ಕಾಣುವ ಲಕ್ಷಣವೇ ದನಿ ಒಡೆಯುವುದು. ಆಪರೇಷನ್ ಆದ ಮೇಲೆ ರೋಗಿಗೆ ಎಚ್ಚರವಾದ ತಕ್ಷಣ ನಾವು ಮಾತಾಡಿಸುವುದು ಸುಮ್ನೆ ಅಲ್ಲ. ಹೆಸರು ಹೇಳಿ ಅನ್ನುತ್ತೇವೆ, ದನಿ ಕೇಳಿಸಿಕೊಳ್ಳುತ್ತೇವೆ.

ದನಿ ಎರಡು ವಾರಕ್ಕಿಂತ ಜಾಸ್ತಿ ಒಡೆದಿದ್ದರೆ, ನೆಗಡಿ ಕೆಮ್ಮು ಏನೂ ಇಲ್ಲದಿದ್ದರೆ, ದಯವಿಟ್ಟು ತೋರಿಸಿಕೊಳ್ಳಿ.

ಸರಳರೇಖೆ

ರಾತ್ರಿಪಾಳಿ ಮೇಡಂ, ಈ ಮಾಹಿತಿಗೆ ಧನ್ಯವಾದ. ಜಿರಾಫೆಗೆ ಕುತ್ತಿಗೆಯಲ್ಲಿ ಎಷ್ಟು ಮೂಳೆ ಇರಬಹುದು ಹಾಗಾದರೆ?

ದನದ ಡಾಕ್ಟ್ರು

ಏಳು. ನಿಮಗೂ ಏಳು, ಇಲಿಗೂ ಏಳು, ತಿಮಿಂಗಿಲಕ್ಕೂ ಏಳು. ಜಿರಾಫೆಯದು ಒಂದೊಂದೂ ಸುಮಾರು 25 ಸೆಂಟಿಮೀಟರ್ ಉದ್ದ. ಸ್ತನಿಗಳಲ್ಲಿ ಇದಕ್ಕೆ ಹೊರತಾದವು ಸ್ಲಾತ್ (ಮರಕ್ಕೆ ನೇತಾಡುವ ನಿಧಾನ ಪ್ರಾಣಿ) ಮತ್ತು ಮ್ಯಾನಟೀ (ನೀರಲ್ಲೇ ಬದುಕುವ ಸಸ್ಯಾಹಾರಿ ಪ್ರಾಣಿ). ಮ್ಯಾನಟೀಗೆ ಆರು. ಮೂರು ಬೆರಳಿನ ಸ್ಲಾತ್‌ಗೆ ಎಂಟು ಒಂಬತ್ತು. ಹಕ್ಕಿಗಳಲ್ಲಿ ಇಂಥ ಕಟ್ಟುಪಾಡು ಇಲ್ಲ, ಗೂಬೆಗೆ 14.

ಗೂಬೆಕಣ್ಣು

ಗೂಬೆ ಬಂತು! ಗೂಬೆ ಕುತ್ತಿಗೆಯನ್ನು ಒಂದು ಕಡೆಗೆ ಸುಮಾರು 270 ಡಿಗ್ರಿ ತಿರುಗಿಸುತ್ತದೆ. ಅದು ಯಾಕೆ ಬೇಕು ಅಂದರೆ ಅದರ ಕಣ್ಣು ಹೊರಳುವುದಿಲ್ಲ. ಕಣ್ಣು ಗುಂಡಗಿಲ್ಲ, ಕೊಳವೆಯ ಆಕಾರದಲ್ಲಿ ತಲೆಬುರುಡೆಗೆ ಭದ್ರವಾಗಿ ಕೂತಿದೆ. ಹಾಗೆ ತಿರುಗಿಸಿದರೆ ಮಿದುಳಿಗೆ ರಕ್ತ ನಿಲ್ಲಬೇಕಲ್ಲ? ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು ಸತ್ತ ಗೂಬೆಗಳ ರಕ್ತನಾಳಕ್ಕೆ ಬಣ್ಣ ತುಂಬಿ, ಸ್ಕ್ಯಾನ್ ಮಾಡಿ 2013ರಲ್ಲಿ ಉತ್ತರ ಕೊಟ್ಟರು. ಕುತ್ತಿಗೆಯ ಮೂಳೆಗಳಲ್ಲಿ ರಕ್ತನಾಳ ಹಾಯುವ ತೂತು ನಾಳಕ್ಕಿಂತ ಸುಮಾರು ಹತ್ತು ಪಟ್ಟು ಅಗಲ, ಹಾಗಾಗಿ ನಾಳ ಹಿಸುಕುವುದಿಲ್ಲ. ಜೊತೆಗೆ ತಲೆಯ ಬುಡದಲ್ಲಿ ನಾಳಗಳು ಅಗಲವಾಗಿ ರಕ್ತವನ್ನು ಸ್ವಲ್ಪ ಕೂಡಿಟ್ಟುಕೊಳ್ಳುತ್ತವೆ.

ಕಾಡುಹಾದಿ

ಹಕ್ಕಿಗಳಲ್ಲಿ ನನಗೆ ಇಷ್ಟ ಮರಕುಟಿಗ. ಅಷ್ಟು ಜೋರಾಗಿ ಕುಟ್ಟಿದರೂ ಮಿದುಳಿಗೆ ಏನೂ ಆಗದಂತೆ ತಲೆಬುರುಡೆಯಲ್ಲಿ ಪೆಟ್ಟು ಹೀರುವ ಮೆತ್ತನೆ ಮೂಳೆ ಇದೆ.

ಪಾಠದ ಮೇಷ್ಟ್ರು

ಬಹಳ ಕಾಲ ಹಾಗೇ ಹೇಳುತ್ತಿದ್ದರು. 2022ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ವಿಶ್ವವಿದ್ಯಾಲಯದ ಸ್ಯಾಮ್ ವಾನ್ ವಾಸೆನ್‌ಬರ್ಗ್ ತಂಡ ಅತಿವೇಗದ ಕ್ಯಾಮೆರಾದಲ್ಲಿ ಮೂರು ಜಾತಿಯ ಮರಕುಟಿಗ ಕುಟ್ಟುವುದನ್ನು ಸೆರೆಹಿಡಿಯಿತು. ಪೆಟ್ಟು ಹೀರುವ ವ್ಯವಸ್ಥೆ ಇದ್ದಿದ್ದರೆ ಕೊಕ್ಕು ತಟ್ಟನೆ ನಿಂತ ಮೇಲೂ ತಲೆ ಸ್ವಲ್ಪ ಮುಂದೆ ಹೋಗಬೇಕಿತ್ತು. ಹೋಗಲಿಲ್ಲ. ಕೊಕ್ಕು, ತಲೆ ಒಟ್ಟಿಗೇ ನಿಂತವು. ಗಟ್ಟಿ ಸುತ್ತಿಗೆಯ ಹಾಗೆ ಕೆಲಸ ಮಾಡುತ್ತದೆ. ಯೋಚಿಸಿದರೆ ಅದೇ ಸರಿ ಅಲ್ವಾ, ಪೆಟ್ಟು ಹೀರಿಕೊಂಡರೆ ಮರ ಕುಟ್ಟುವ ಬಲವೇ ಕಡಿಮೆಯಾಗುತ್ತದೆ. ಮಿದುಳು ಉಳಿಯುವುದು ಅದು ತೀರಾ ಚಿಕ್ಕದು, ಹಗುರ ಅನ್ನುವ ಕಾರಣಕ್ಕೆ.

ಕಾಡುಹಾದಿ

ಅದರ ನಾಲಗೆ ತಲೆಬುರುಡೆಯನ್ನು ಸುತ್ತಿಕೊಂಡಿರುವುದು ಕೂಡ ಸುಳ್ಳಾ?

ಪಾಠದ ಮೇಷ್ಟ್ರು

ಅದು ನಿಜ. ನಾಲಗೆಗೆ ಆಧಾರವಾದ ಮೂಳೆ ಸೀಳಾಗಿ, ತಲೆಯ ಹಿಂದಿನಿಂದ ಬಳಸಿ, ನೆತ್ತಿಯ ಮೇಲಿಂದ ಮುಂದಕ್ಕೆ ಬರುತ್ತದೆ. ಅದಕ್ಕೇ ನಾಲಗೆಯನ್ನು ಅಷ್ಟು ಉದ್ದ ಚಾಚಿ ತೊಗಟೆಯೊಳಗಿನ ಹುಳ ತೆಗೆಯುತ್ತದೆ.

ದನದ ಡಾಕ್ಟ್ರು

ಹಕ್ಕಿಗೆ ಮಂಡಿ ಹಿಂದಕ್ಕೆ ಬಗ್ಗುತ್ತದೆ ಅಂತ ಹೇಳುವವರಿಗೆ ಒಂದು ಮಾತು. ಕೊಕ್ಕರೆ ನಿಂತಾಗ ಕಾಲಿನ ನಡುವೆ ಹಿಂದಕ್ಕೆ ಬಗ್ಗುವ ಗಂಟು ಅದರ ಮಂಡಿ ಅಲ್ಲ, ಹಿಮ್ಮಡಿ. ಮಂಡಿ ಮೇಲೆ ಗರಿಯೊಳಗೆ ಅಡಗಿದೆ, ನಮ್ಮ ಹಾಗೆಯೇ ಬಗ್ಗುತ್ತದೆ. ಹಕ್ಕಿ ತುದಿಗಾಲಲ್ಲಿ ನಿಂತಿದೆ ಅಷ್ಟೇ. ನೀವೂ ಹಿಮ್ಮಡಿ ಎತ್ತಿ, ಮಂಡಿ ಬಗ್ಗಿಸಿ ನಿಂತು ಪಕ್ಕದಿಂದ ಕನ್ನಡಿಯಲ್ಲಿ ನೋಡಿಕೊಳ್ಳಿ, ತಿಳಿಯುತ್ತದೆ.

ಕುದುರೆ ಇನ್ನೂ ಮುಂದೆ ಹೋಗಿದೆ. ಅದು ನಿಲ್ಲುವುದು ಪ್ರತಿ ಕಾಲಿನ ಒಂದೇ ಬೆರಳ ಮೇಲೆ, ನಡುಬೆರಳು. ಗೊರಸು ಅಂದರೆ ಆ ಬೆರಳಿನ ಉಗುರು. ಮುಂಗಾಲಿನ ಮಂಡಿ ಅಂತ ಎಲ್ಲರೂ ತೋರಿಸುವುದು ನಿಜವಾಗಿ ಮಣಿಕಟ್ಟು. ಅದರ ಕೆಳಗೆ ಉದ್ದ ಮೂಳೆಯ ಎರಡೂ ಪಕ್ಕ ಬೆರಳಿನಿಂದ ಸವರಿದರೆ ಎರಡು ಸಣ್ಣ ಮೂಳೆ ಕೈಗೆ ಸಿಗುತ್ತವೆ. ಕೆಳಗೆ ಹೋಗುತ್ತಾ ಸಪೂರವಾಗಿ, ಕೊನೆಗೆ ಒಂದು ಗುಂಡಿಯಂಥ ತುದಿಯಲ್ಲಿ ನಿಂತುಬಿಡುತ್ತವೆ. ಕಳೆದುಹೋದ ಅಕ್ಕಪಕ್ಕದ ಬೆರಳುಗಳ ಉಳಿಕೆ ಅವು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಮೊದಲು ಮುಟ್ಟಿಸುವುದು ಅದನ್ನೇ.

ಸರಳರೇಖೆ

ಏಳು ವರ್ಷಕ್ಕೊಮ್ಮೆ ನಮ್ಮ ದೇಹ ಪೂರ್ತಿ ಹೊಸದಾಗುತ್ತದೆ ಅನ್ನುತ್ತಾರಲ್ಲ, ಅದನ್ನೂ ಯಾರಾದರೂ ಬಿಡಿಸಿ ಹೇಳಿ.

ಅನುಮಾನಿ

ಒಟ್ಟಾಗಿ ಹೇಳಿದರೆ ತಪ್ಪು. ಒಂದೊಂದು ಭಾಗಕ್ಕೆ ಒಂದೊಂದು ಲೆಕ್ಕ. ಕರುಳಿನ ಒಳಪದರ ಕೆಲವೇ ದಿನಕ್ಕೆ ಬದಲಾಗುತ್ತದೆ, ಕೆಂಪು ರಕ್ತಕಣ ಸುಮಾರು 120 ದಿನ. ಆದರೆ ಮಿದುಳಿನ ಹೊರಪದರದ ನರಕೋಶಗಳು ಹುಟ್ಟಿದಾಗಿನವೇ. ಕಣ್ಣಿನ ಮಸೂರದ ನಡುಭಾಗ ನೀವು ಹುಟ್ಟುವ ಮೊದಲು ಆದದ್ದು.

ಇದು ಗೊತ್ತಾದ ಬಗೆ ನನಗೆ ತುಂಬಾ ಇಷ್ಟ. 1950 ಮತ್ತು 60ರ ದಶಕದಲ್ಲಿ ನೆಲದ ಮೇಲೆ ಅಣುಬಾಂಬ್ ಪರೀಕ್ಷೆ ಮಾಡಿದಾಗ ಗಾಳಿಯಲ್ಲಿ ಕಾರ್ಬನ್-14 (ವಿಕಿರಣ ಸೂಸುವ ಒಂದು ಬಗೆಯ ಇಂಗಾಲ) ಏರಿತು. ಅಂಥ ಪರೀಕ್ಷೆ ನಿಷೇಧಿಸಿದ 1963ರ ಒಪ್ಪಂದದ ನಂತರ ಇಳಿಯುತ್ತಾ ಬಂತು. ಕೋಶ ಹುಟ್ಟುವಾಗ ಅದರ ಡಿಎನ್‌ಎಯಲ್ಲಿ ಆ ಕಾಲದ ಗಾಳಿಯ ಗುರುತು ಉಳಿಯುತ್ತದೆ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಯೋನಾಸ್ ಫ್ರಿಸೆನ್ ತಂಡ ಅದನ್ನೇ ಅಳೆದು ಕೋಶದ ವಯಸ್ಸು ಹೇಳಿತು. ಹೃದಯದ ಸ್ನಾಯುಕೋಶಗಳ ಲೆಕ್ಕ 2009ರಲ್ಲಿ ಬಂತು. 25ರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಶೇಕಡಾ 1 ಕೋಶ ಬದಲಾಗುತ್ತವೆ, 75ಕ್ಕೆ ಶೇಕಡಾ ಅರ್ಧಕ್ಕಿಂತ ಕಡಿಮೆ. ಇಡೀ ಆಯಸ್ಸಿನಲ್ಲಿ ಅರ್ಧದಷ್ಟು ಕೋಶಗಳೂ ಬದಲಾಗುವುದಿಲ್ಲ.

ಚುಕ್ಕಿ

ಅಂದರೆ ಅಜ್ಜನ ಎದೆಯಲ್ಲಿ ಅವರು ಮಗುವಾಗಿದ್ದಾಗಿನ ಕೋಶಗಳು ಇನ್ನೂ ಬಡಿಯುತ್ತಿವೆಯಾ?

ಅನುಮಾನಿ

ಅರ್ಧಕ್ಕಿಂತ ಹೆಚ್ಚು ಅವೇ.

ನೀಲಿಮೀನು

ಬಡಿತ ಪೂರ್ತಿ ನಿಂತು ಮತ್ತೆ ಶುರುವಾಗುವ ಹೃದಯವೂ ಇದೆ. ಅಲಾಸ್ಕಾ, ಕೆನಡಾದ ವುಡ್ ಫ್ರಾಗ್ ಎಂಬ ಕಪ್ಪೆ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಮೈಯ ನೀರಿನ ಮೂರರಲ್ಲಿ ಎರಡು ಪಾಲು ಮಂಜುಗಡ್ಡೆ. ಉಸಿರಿಲ್ಲ, ಎದೆಬಡಿತ ಇಲ್ಲ. ಮಂಜು ತಾಗಿದ ಕೂಡಲೇ ಯಕೃತ್ತು ಗ್ಲೂಕೋಸನ್ನು ಸುರಿದು ಕೋಶಗಳೊಳಗೆ ತುಂಬುತ್ತದೆ. ಗಡ್ಡೆ ಕಟ್ಟುವುದು ಕೋಶಗಳ ಹೊರಗೆ ಮಾತ್ರ. ವಸಂತ ಬಂದಾಗ ಕರಗಿ, ಹೃದಯ ಮೊದಲು ಬಡಿಯಲು ಶುರುವಾಗುತ್ತದೆ.

ಕಾಡುಹಾದಿ

ವುಡ್ ಫ್ರಾಗ್ ಅಂದರೆ ಮರ ಹತ್ತುವ ಕಪ್ಪೆಯಾ?

ನೀಲಿಮೀನು

ಅಲ್ಲ, ಕಾಡಿನ ನೆಲದಲ್ಲಿ ಇರುತ್ತದೆ. ಒಣಗಿದ ಎಲೆಗಳ ಕೆಳಗೆ ಚಳಿಗಾಲ ಕಳೆಯುತ್ತದೆ.

ಬೆರಳತುದಿ

ಮೈ ಅಲುಗಿಸಿ ನೋಡುವಂಥ ಪರೀಕ್ಷೆ ಇನ್ನೊಂದೆರಡು ಇದ್ದರೆ ಹಾಕಿ.

ಹಗಲುಗನಸು

ಒಂದು ಪುಸ್ತಕ ಕೈಯಳತೆ ದೂರದಲ್ಲಿ ಹಿಡಿದು, ತಲೆ ಕದಲಿಸದೆ, ಪುಸ್ತಕವನ್ನು ಬೇಗ ಬೇಗ ಅತ್ತಿತ್ತ ಅಲ್ಲಾಡಿಸಿ ಓದಲು ನೋಡಿ. ಅಕ್ಷರ ಕಲಸಿಹೋಗುತ್ತದೆ. ಈಗ ಪುಸ್ತಕ ನಿಲ್ಲಿಸಿ, ತಲೆಯನ್ನು ಅದೇ ವೇಗದಲ್ಲಿ "ಇಲ್ಲ ಇಲ್ಲ" ಅನ್ನುವಂತೆ ಅಲ್ಲಾಡಿಸಿ ಓದಿ. ಓದಲಾಗುತ್ತದೆ! ತಲೆ ಎಷ್ಟು ತಿರುಗಿತು ಅಂತ ಒಳಗಿವಿಯ ಅರ್ಧವರ್ತುಲ ನಾಳಗಳು ಕಣ್ಣಿನ ಸ್ನಾಯುಗಳಿಗೆ ತಿಳಿಸುತ್ತವೆ, ಕಣ್ಣು ಅಷ್ಟೇ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಇದಕ್ಕೆಲ್ಲ ಒಂದು ಸೆಕೆಂಡಿನ ನೂರನೇ ಒಂದು ಭಾಗ ಸಾಕು. ಪುಸ್ತಕ ಅಲ್ಲಾಡಿದಾಗ ಕಣ್ಣೇ ನೋಡಿ ಹಿಂಬಾಲಿಸಬೇಕು, ಅದು ನಿಧಾನ.

ರಾತ್ರಿಪಾಳಿ

ಕುತ್ತಿಗೆ ನೋವಿದ್ದವರು ತಲೆ ಅಲ್ಲಾಡಿಸುವ ಪರೀಕ್ಷೆ ಬಿಡಿ. ಜೆಂಟಮೈಸಿನ್‌ನಂಥ ಕೆಲವು ಆ್ಯಂಟಿಬಯೋಟಿಕ್ ಕೆಲವರಲ್ಲಿ ಒಳಗಿವಿಯ ಈ ಭಾಗಕ್ಕೆ ಹಾನಿ ಮಾಡುತ್ತವೆ. ಅಂಥವರಿಗೆ ನಡೆಯುವಾಗ ಪ್ರತಿ ಹೆಜ್ಜೆಗೂ ಎದುರಿನ ಗೋಡೆ, ಬಾಗಿಲು ಎಲ್ಲ ಕುಣಿಯುತ್ತವೆ. ನಿಂತು ನೋಡಿದರೆ ಮಾತ್ರ ಬೋರ್ಡು ಓದಲಾಗುತ್ತದೆ. ನಾವು ಆ ಔಷಧಿ ಕೊಡುವಾಗ ರಕ್ತ ತೆಗೆದು ಮಟ್ಟ ನೋಡುತ್ತಾ ಇರುವುದಕ್ಕೆ ಇದೂ ಒಂದು ಕಾರಣ.

ಗೂಬೆಕಣ್ಣು

ಪಾರಿವಾಳ ನಡೆಯುವಾಗ ತಲೆ ಕುಣಿಸುತ್ತದಲ್ಲ, ಅದೂ ನೋಟಕ್ಕಾಗಿಯೇ. ಗಮನವಿಟ್ಟು ನೋಡಿ, ತಲೆ ಮೇಲೆ ಕೆಳಗೆ ಹೋಗುವುದಿಲ್ಲ. ಮುಂದಕ್ಕೆ ಚಾಚುತ್ತದೆ, ಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸುತ್ತದೆ, ಮೈ ಮುಂದೆ ಬಂದು ಸೇರಿದ ಮೇಲೆ ಮತ್ತೆ ಚಾಚುತ್ತದೆ. 1978ರಲ್ಲಿ ಪಾರಿವಾಳವನ್ನು ಟ್ರೆಡ್‌ಮಿಲ್ ಮೇಲೆ ನಡೆಸಿದರು. ಕಾಲು ನಡೆಯುತ್ತಿತ್ತು, ಸುತ್ತಲಿನ ನೋಟ ಸರಿಯುತ್ತಿರಲಿಲ್ಲ. ತಲೆ ಆಡಿಸುವುದನ್ನೇ ನಿಲ್ಲಿಸಿತು.

ಸರಳರೇಖೆ

ಡಾಕ್ಟ್ರೇ, ಕುದುರೆ ವಾಂತಿ ಮಾಡುವುದಿಲ್ಲ ಅಂತ ಕೇಳಿದ್ದೆ. ನಿಜವಾ?

ದನದ ಡಾಕ್ಟ್ರು

ನಿಜ. ಅನ್ನನಾಳ ಜಠರಕ್ಕೆ ಸೇರುವ ಕಡೆ ಇರುವ ಸ್ನಾಯುವಿನ ಬಳೆ ತುಂಬಾ ಬಲವಾದದ್ದು. ಒಳಕ್ಕೆ ಬಿಡುತ್ತದೆ, ಹೊರಕ್ಕೆ ಬಿಡುವುದಿಲ್ಲ. ಮುಂದೆ ಕರುಳು ಕಟ್ಟಿಕೊಂಡರೆ ಜಠರ ತುಂಬುತ್ತಾ ಹೋಗಿ ಒಡೆದೇ ಹೋಗಬಹುದು. ಆದ್ದರಿಂದ ಹೊಟ್ಟೆನೋವಿನ ಕುದುರೆ ಬಂದರೆ ಮೂಗಿನ ಹೊಳ್ಳೆಯಿಂದ ಜಠರದವರೆಗೆ ಉದ್ದ ಕೊಳವೆ ಇಳಿಸುತ್ತೇವೆ. ಕೊಳವೆ ಶ್ವಾಸನಾಳಕ್ಕೆ ಹೋಗಬಾರದು. ಕುದುರೆ ನುಂಗುವ ಗಳಿಗೆಗೆ ಕಾದು ತಳ್ಳಬೇಕು, ಆಮೇಲೆ ಕುತ್ತಿಗೆಯ ಎಡಪಕ್ಕ ಕೈ ಇಟ್ಟರೆ ಚರ್ಮದಡಿ ಕೊಳವೆ ಸಾಗುವುದು ತಿಳಿಯುತ್ತದೆ. ಜಠರ ಮುಟ್ಟಿದಾಗ ಗಾಳಿ ಬುಸ್ಸೆಂದು ಬರುತ್ತದೆ, ತುಂಬಿದ್ದರೆ ಹಿಂದೆಯೇ ಹಸಿರು ನೀರು ಲೀಟರುಗಟ್ಟಲೆ. ಕುದುರೆ ಸಾಕಿದವರು ಯಾರಾದರೂ ಇಲ್ಲಿದ್ದರೆ, ಅದು ಪದೇ ಪದೇ ನೆಲ ಕೆರೆಯುತ್ತಾ ಹೊಟ್ಟೆಯ ಕಡೆ ತಿರುಗಿ ನೋಡುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಡಾಕ್ಟರಿಗೆ ಹೇಳಿ ಕಳಿಸಿ.